ಚೀನಾದಲ್ಲಿ ಔಷಧಿ, ನಮ್ಮ ತೋಟದಲ್ಲಿ ನೆಲದ ಪಾಲು: ಹಿಪ್ಪುನೇರಳೆ ಹಣ್ಣಿನ ಕಥೆ

ಚಿಕ್ಕಬಳ್ಳಾಪುರ: ಮುದ್ದೇನಹಳ್ಳಿ ಕಡೆಯಿಂದ ಶಿಡ್ಲಘಟ್ಟದವರೆಗೂ ಹಿಪ್ಪುನೇರಳೆ ತೋಟಗಳಿಗೆ ಬರವಿಲ್ಲ. ಸೊಪ್ಪಿನ ಲೆಕ್ಕ ಎಲ್ಲರಿಗೂ ಗೊತ್ತು, ಹಣ್ಣಿನ ಲೆಕ್ಕ ಇಟ್ಟವರು ಕಡಿಮೆ. ಶಾಲೆ ಬಿಟ್ಟು ಬರೋ ಮಕ್ಕಳು ಬಾಯಿ, ಅಂಗಿ ಎಲ್ಲ ಬಣ್ಣ ಮಾಡಿಕೊಂಡು ತಿಂದರೆ ಉಂಟು, ಇಲ್ಲದಿದ್ದರೆ ಉದುರಿ ಹೋಗುತ್ತೆ. ತೆಲುಗು ಮನೆಮಾತಿನವರು ಕಂಬಳಿ ಪಂಡು ಅನ್ನೋ ಇದೇ ಹಣ್ಣು ಚೀನಾದ ಔಷಧಿ ಅಂಗಡಿಗಳಲ್ಲಿ 'ಸಾಂಗ್ ಶೆನ್' ಹೆಸರಲ್ಲಿ ಮಾರಾಟವಾಗುತ್ತೆ.

ಅಲ್ಲಿ ಹಣ್ಣನ್ನು ಬಿಸಿಲಲ್ಲಿ, ಇಲ್ಲವೇ ಸ್ವಲ್ಪ ಹಬೆಯಲ್ಲಿ ಬೇಯಿಸಿ ಒಣಗಿಸುತ್ತಾರೆ. ರಕ್ತ ಕಡಿಮೆ ಇರುವವರಿಗೆ, ಮಲಬದ್ಧತೆಗೆ, ನಿದ್ದೆ ಬಾರದವರಿಗೆ, ಬೇಗ ನರೆಯೋ ಕೂದಲಿಗೆ ಕೊಡೋದು ಹಳೆಯ ಪದ್ಧತಿ. ಗಿಡದ ಯಾವ ಭಾಗವನ್ನೂ ಬಿಟ್ಟಿಲ್ಲ. ಎಲೆ, ಬೇರಿನ ತೊಗಟೆ ಎರಡೂ ಕೆಮ್ಮಿನ ಔಷಧಿಗೆ ಹೋಗುತ್ತವೆ. 1596ರಲ್ಲಿ ಅಚ್ಚಾದ ಲಿ ಶಿಝೆನ್ ಅವರ ಔಷಧಿ ಗ್ರಂಥದಲ್ಲೂ ಹಿಪ್ಪುನೇರಳೆ ಇದೆ.

ಇದರಲ್ಲಿ ನಿಜ ಎಷ್ಟು? 100 ಗ್ರಾಂ ತಾಜಾ ಹಣ್ಣಿನಲ್ಲಿ ಸುಮಾರು 36 ಮಿಲಿಗ್ರಾಂ ವಿಟಮಿನ್ ಸಿ, 2 ಮಿಲಿಗ್ರಾಂಗೆ ಹತ್ತಿರ ಕಬ್ಬಿಣದ ಅಂಶ ಇದೆ. ಹಣ್ಣು ಅಂದಮೇಲೆ ಒಳ್ಳೆಯದೇ. ಆದರೆ ತಿಂದರೆ ಬಿಳಿ ಕೂದಲು ಕಪ್ಪಾಗುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಶುಗರ್ ಇರುವವರ ವಿಚಾರ ಬೇರೆ. ಎಲೆಯಲ್ಲಿರುವ ಡಿಎನ್‌ಜೆ ಎಂಬ ಅಂಶ ಊಟದ ಪಿಷ್ಟ ಸಕ್ಕರೆಯಾಗೋದನ್ನು ನಿಧಾನ ಮಾಡುತ್ತೆ. ವೈದ್ಯರು ಕೊಡೋ ಅಕಾರ್ಬೋಸ್ ಮಾತ್ರೆಯ ಕೆಲಸವೂ ಹೆಚ್ಚುಕಡಿಮೆ ಇದೇ. ಅದಕ್ಕೇ ಮಾತ್ರೆ ನುಂಗುತ್ತಲೇ ಎಲೆ ಕಷಾಯ ಕುಡಿದರೆ ಸಕ್ಕರೆ ಜಾಸ್ತಿ ಇಳಿದುಬಿಡಬಹುದು. ಡಾಕ್ಟರಿಗೆ ಹೇಳದೆ ಶುರು ಮಾಡಬೇಡಿ. ಒಣಗಿದ ಹಣ್ಣಿನಲ್ಲಂತೂ ನೀರು ಹೋಗಿ ಸಕ್ಕರೆಯೇ ಗಟ್ಟಿಯಾಗಿ ಉಳಿದಿರುತ್ತೆ.

ನಮ್ಮ ಊರುಗಳಲ್ಲಿ ಇದಕ್ಕಿಂತ ದೊಡ್ಡ ಸಮಸ್ಯೆ ಇದೆ. ಇಲ್ಲಿ ತೋಟ ಇರೋದು ಹುಳುವಿಗಾಗಿ. ನುಸಿ, ಎಲೆ ತಿನ್ನೋ ಹುಳು ಬಂದರೆ ಔಷಧಿ ಹೊಡೆಯುತ್ತಾರೆ. ಹೊಡೆದ ಮೇಲೆ ಇಷ್ಟು ದಿನ ಕಾಯದೆ ಸೊಪ್ಪು ಹಾಕಿದರೆ ಹುಳು ಸಾಯುತ್ತೆ ಅನ್ನೋದು ಪ್ರತಿ ರೈತನಿಗೂ ಗೊತ್ತು. ಅದೇ ಗಿಡದ ಹಣ್ಣು ಕಿತ್ತು ತಿನ್ನೋ ಮಗುವಿಗೆ ಆ ಲೆಕ್ಕ ಯಾರೂ ಹೇಳಿರೋದಿಲ್ಲ. ಪಕ್ಕದವರ ತೋಟದ ಹಣ್ಣಾದರೆ ಕೊನೆಯ ಸಲ ಔಷಧಿ ಹೊಡೆದದ್ದು ಯಾವಾಗ ಅಂತ ಕೇಳಿಯೇ ಕಿತ್ತುಕೊಳ್ಳಿ.

ಅಂಗಡಿಯವರಿಗೂ ಒಂದು ಮಾತು. ತಾಜಾ ಹಣ್ಣು ಬೆಳಿಗ್ಗೆ ತಂದರೆ ಮರುದಿನಕ್ಕೆ ರಸ ಬಿಡುತ್ತೆ, ಫ್ರಿಜ್ ಇಲ್ಲದೆ ವ್ಯಾಪಾರ ಕಷ್ಟ. ಸೊಪ್ಪಿಗಾಗಿ ಮತ್ತೆ ಮತ್ತೆ ಸವರೋ ತೋಟದಲ್ಲಿ ಹಣ್ಣೂ ಅಷ್ಟಾಗಿ ಸಿಗಲ್ಲ. ಮಾರೋ ಯೋಚನೆ ಇರುವವರು ಬದುವಿನಲ್ಲಿ ನಾಲ್ಕು ಗಿಡವನ್ನು ಸವರದೆ, ಔಷಧಿ ತಾಗದಂತೆ ಮರವಾಗಿ ಬೆಳೆಸಿಕೊಳ್ಳಬೇಕು.