ಕ್ಯಾರವೆಲ್: ಎಂಜಿನ್ನಿಗೆ ಹೊಸ ನೆಲೆ ಕಂಡ ವಿಮಾನ

ಎರಡನೆಯ ಮಹಾಯುದ್ಧದಿಂದ ಜರ್ಜರಿತವಾಗಿದ್ದ ಫ್ರಾನ್ಸಿನ ವಿಮಾನೋದ್ಯಮಕ್ಕೆ ಮರಳಿ ಮನ್ನಣೆ ತಂದುಕೊಟ್ಟ ಪ್ರಯಾಣಿಕ ವಿಮಾನಗಳಲ್ಲಿ ಕ್ಯಾರವೆಲ್‌ನದು ಅಗ್ರಸ್ಥಾನ. 55ರಿಂದ 65 ಪ್ರಯಾಣಿಕರನ್ನು 2,000 ಕಿ.ಮೀ. ದೂರ ಒಯ್ಯಬಲ್ಲ ವಿಮಾನಕ್ಕಾಗಿ ಫ್ರೆಂಚ್ ಸರ್ಕಾರ 1951ರಲ್ಲಿ ವಿನ್ಯಾಸಗಳನ್ನು ಆಹ್ವಾನಿಸಿದಾಗ, ಟುಲೂಸ್‌ನಲ್ಲಿ ಕಾರ್ಖಾನೆ ಹೊಂದಿದ್ದ ಸ್ಯೂದ್-ಎಸ್ತ್ ಸಂಸ್ಥೆಯ ಪಿಯೆರ್ ಸಾತ್ರ್ ಮತ್ತು ಅವರ ಸಂಗಡಿಗರು ಬಾಲದ ಬಳಿ ಮೂರು ಜೆಟ್ ಎಂಜಿನ್‌ಗಳಿರುವ ನಕ್ಷೆಯನ್ನು ಮುಂದಿಟ್ಟರು. ಬ್ರಿಟನ್ನಿನ ರೋಲ್ಸ್ ರಾಯ್ಸ್ ಏವನ್ ಎಂಜಿನ್ನಿನ ಶಕ್ತಿ ಹೆಚ್ಚಿದ ಮೇಲೆ ಎರಡೇ ಸಾಕೆಂದು ತೀರ್ಮಾನವಾಯಿತು.

ಈ ಎರಡು ಎಂಜಿನ್‌ಗಳನ್ನು ಒಡಲಿನ, ಅಂದರೆ ಪ್ರಯಾಣಿಕರು ಕೂರುವ ಕೊಳವೆಯಾಕಾರದ ಭಾಗದ, ಹಿಂತುದಿಯ ಇಕ್ಕೆಲಗಳಲ್ಲಿ ಜೋಡಿಸಿದ್ದರಿಂದ ರೆಕ್ಕೆಗಳ ಮೇಲಿನ ಗಾಳಿಯ ಹರಿವಿಗೆ ಅಡ್ಡಿ ತಪ್ಪಿತು, ಸದ್ದು ಬಹುಪಾಲು ಆಸನಗಳ ಹಿಂದೆಯೇ ಉಳಿದು ಒಳಗೆ ನೆಮ್ಮದಿಯ ವಾತಾವರಣ ಮೂಡಿತು. ಎಂಜಿನ್‌ಗಳಿಂದ ಹೊಮ್ಮುವ ಬಿಸಿ ಗಾಳಿ ತಾಗದಂತೆ ಬಾಲದ ಅಡ್ಡರೆಕ್ಕೆಯನ್ನು ಲಂಬಫಲಕದ ಮೇಲೆ ಎತ್ತರಿಸಿ ಕೂರಿಸಲಾಯಿತು. ಮೂತಿ ಮತ್ತು ಕಾಕ್‌ಪಿಟ್‌ನ ವಿನ್ಯಾಸವನ್ನು ಬ್ರಿಟಿಷ್ ಕಾಮೆಟ್ ವಿಮಾನದಿಂದ ಪರವಾನಗಿ ಪಡೆದು ಬಳಸಿಕೊಂಡರೂ ಕಿಟಕಿಗಳು ಕ್ಯಾರವೆಲ್‌ನ ಸ್ವಂತದ್ದೇ ಆಗಿದ್ದವು: ದುಂಡಗಿನ ಮೂಲೆಗಳ ಈ ತ್ರಿಕೋನಗಳು ಮೇಲೆ ಕಿರಿದಾಗಿ, ಕೆಳಗೆ ಅಗಲವಾಗಿದ್ದುದರಿಂದ, ಗಾತ್ರ ಚಿಕ್ಕದಾದರೂ ನೆಲದ ನೋಟ ಧಾರಾಳವಾಗಿ ಸಿಗುತ್ತಿತ್ತು. ಬಾಲದ ಅಡಿಯಿಂದ ಇಳಿಯುವ ಮೆಟ್ಟಿಲುಗಳು ವಿಮಾನದಲ್ಲೇ ಇದ್ದವು.

ಟುಲೂಸ್‌ನ ಬ್ಲಾನ್ಯಾಕ್ ನಿಲ್ದಾಣದಿಂದ 1955ರ ಮೇ 27ರಂದು ಪಿಯೆರ್ ನಾದೋ ಮೊದಲ ಮಾದರಿಯನ್ನು 41 ನಿಮಿಷ ಹಾರಿಸಿದರು; ಮುಂದೆ ಏರ್‌ಬಸ್‌ನ ಶಿಲ್ಪಿಗಳಲ್ಲೊಬ್ಬರೆನಿಸಿದ ರೋಜೆ ಬೆತೇಯ್ ಆ ಹಾರಾಟದ ತಂಡದಲ್ಲಿದ್ದರು. ಎರಡನೆಯ ಮಾದರಿ 1956ರ ಮೇ 6ರಂದು ಗಗನಕ್ಕೇರಿತು, ಅದೇ ವರ್ಷ ಏರ್ ಫ್ರಾನ್ಸ್ ಮೊದಲ ಬೇಡಿಕೆ ಸಲ್ಲಿಸಿತು. 1959ರ ಏಪ್ರಿಲ್‌ನಲ್ಲಿ, ಪ್ಯಾರಿಸ್ಸಿನ ಮೇಲೆ ಎತ್ತರದಲ್ಲಿದ್ದ ಕ್ಯಾರವೆಲ್ ವಿಮಾನವೊಂದು ಎಂಜಿನ್‌ಗಳ ಬಲವನ್ನು ಬಹುವಾಗಿ ತಗ್ಗಿಸಿಕೊಂಡು ದಿಜೋನ್‌ವರೆಗೆ ತೇಲುತ್ತ ಸಾಗಿ, ತನ್ನ ರೆಕ್ಕೆಗಳ ದಕ್ಷತೆಯನ್ನು ಸಾಬೀತುಪಡಿಸಿತು. ಅದೇ ವರ್ಷ ಸ್ಕ್ಯಾಂಡಿನೇವಿಯನ್ ಏರ್‌ಲೈನ್ಸ್ ಮತ್ತು ಏರ್ ಫ್ರಾನ್ಸ್ ಇದನ್ನು ಪ್ರಯಾಣಿಕರ ಸೇವೆಗೆ ಇಳಿಸಿದವು.

ಭಾರತದ ಇಂಡಿಯನ್ ಏರ್‌ಲೈನ್ಸ್ ಸಂಸ್ಥೆ 1964ರಲ್ಲಿ ಜೆಟ್ ಯುಗಕ್ಕೆ ಕಾಲಿಟ್ಟದ್ದೂ ಕ್ಯಾರವೆಲ್ ಮೂಲಕವೇ. ಅಮೆರಿಕದ ಡಿಸಿ-9, ಬ್ರಿಟನ್ನಿನ ಒನ್-ಇಲೆವೆನ್, ಸೋವಿಯತ್ ಒಕ್ಕೂಟದ ಟಿಯು-134 ವಿಮಾನಗಳು ಹಿಂತುದಿಯ ಎಂಜಿನ್ ಜೋಡಣೆಯನ್ನೇ ಅನುಸರಿಸಿದುದನ್ನು ಗಮನಿಸಿದರೆ, ಸುಮಾರು 280ರಷ್ಟೇ ತಯಾರಾದ ಕ್ಯಾರವೆಲ್‌ನ ಪ್ರಭಾವವನ್ನು ಸಂಖ್ಯೆಯಿಂದಲ್ಲ, ವಿನ್ಯಾಸದಿಂದಲೇ ಅಳೆಯಬೇಕಾಗುತ್ತದೆ.