ಹವಳಕ್ಕೆ ಬಂದ ಬರ

ಬೈಲಹೊಂಗಲ ಸೀಮೆಯ ಎರೆ ಹೊಲಕ್ಕೂ ಲಕ್ಷದ್ವೀಪದ ಹವಳದ ದಿಬ್ಬಕ್ಕೂ ನಂಟಿದೆ ಎಂದರೆ ಸುಲಭಕ್ಕೆ ನಂಬಿಕೆ ಬಾರದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿಯಾಳದ ಒಂದು ಬಿಸಿ ತಾಣದಿಂದ ಉಕ್ಕಿದ ಲಾವಾ ದಖ್ಖನ್ನಿನ ಕಪ್ಪು ಕಲ್ಲಾಯಿತು, ಆ ಕಲ್ಲು ಸವೆದು ಎರೆ ಮಣ್ಣಾಯಿತು. ಭಾರತದ ಭೂಫಲಕ ಉತ್ತರಕ್ಕೆ ಸರಿದಂತೆ ಅದೇ ತಾಣ ಕಡಲ ತಳದಲ್ಲಿ ಬೆಟ್ಟಗಳ ಸಾಲನ್ನು ಎಬ್ಬಿಸಿತು ಎಂಬುದು ಭೂವಿಜ್ಞಾನಿಗಳಲ್ಲಿ ಹೆಚ್ಚಿನವರು ಒಪ್ಪಿದ ಮಾತು. ಬೆಟ್ಟಗಳು ನಿಧಾನಕ್ಕೆ ಕುಸಿದವು. ಅವುಗಳ ನೆತ್ತಿಯ ಮೇಲೆ ಹವಳಗಳು ಸುಣ್ಣ ಕಟ್ಟುತ್ತ ಬೆಳಕಿನತ್ತ ಏರಿದವು. ಹಾಗೆ ಎದ್ದ ಅಮಿನಿ, ಕಡಮತ್, ಕಿಲ್ತಾನ್ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಕುಸಿಯುವ ನೆಲದ ಮೇಲೆ ಕಟ್ಟುತ್ತಲೇ ಇರಬೇಕಾದದ್ದು ಹವಳದ ಹಣೆಬರಹ. ಅದು ಕಟ್ಟುವ ವೇಗ ಈಗ ಸಾಕಾಗುತ್ತಿಲ್ಲ ಎಂಬುದಕ್ಕೆ ಪುರಾವೆಗಳು ಕೂಡುತ್ತಿವೆ.

ಹವಳ ಗಿಡವಲ್ಲ, ಪ್ರಾಣಿ. ಜೋಳದ ಕಾಳಿನಷ್ಟು ಗಾತ್ರದ ಸಾವಿರಾರು ಜೀವಿಗಳು ಒಟ್ಟಾಗಿ ಸುಣ್ಣದ ಗೂಡು ಕಟ್ಟುತ್ತವೆ. ಅವುಗಳ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಇರುತ್ತದೆ. ಬಿಸಿಲಿನಿಂದ ಅದು ಮಾಡುವ ಅಡುಗೆಯೇ ಹವಳದ ಶೇ 90ರಷ್ಟು ಊಟ. ನೀರು ಎಂದಿನ ಕಡುಬೇಸಿಗೆಗಿಂತ ಒಂದು ಡಿಗ್ರಿ ಹೆಚ್ಚು ಕಾದು ಕೆಲವು ವಾರ ಹಾಗೇ ನಿಂತರೆ ಪಾಚಿ ವಿಷ ಉಗುಳತೊಡಗುತ್ತದೆ, ಹವಳ ಅದನ್ನು ಹೊರದೂಡುತ್ತದೆ, ಒಳಗಿನ ಬಿಳಿ ಎಲುಬು ಕಾಣುತ್ತದೆ. ಆಗ ಹವಳ ಸತ್ತಿಲ್ಲ, ಉಪವಾಸವಿದೆ. ನಮ್ಮ ಹೊಲ ಬಾಯಿಬಿಡುವ ಏಪ್ರಿಲ್, ಮೇ ತಿಂಗಳಲ್ಲೇ ಅರಬ್ಬೀ ಸಮುದ್ರವೂ ಅತಿ ಹೆಚ್ಚು ಕಾಯುತ್ತದೆ. ಮಲಪ್ರಭೆಗೆ ನೀರು ತರುವ ಮುಂಗಾರಿನ ಗಾಳಿ, ಮೋಡಗಳೇ ಹವಳಕ್ಕೂ ತಂಪು ತರುತ್ತವೆ. ಹಸಿದು ಸಾಯುವಷ್ಟರೊಳಗೆ ಪಾಚಿ ಮರಳಿದರೆ ಹವಳ ಉಳಿಯಿತು, ಇಲ್ಲವಾದರೆ ಇಲ್ಲ.

ಕೆಲವು ವರ್ಷಗಳಿಗೊಮ್ಮೆ ಕಡಲನ್ನು ಕಾಯಿಸುವ ಎಲ್ ನಿನೊ ಮೊದಲಿಂದಲೂ ಇದೆ, ಹವಳ ಅದನ್ನು ತಾಳಿಕೊಂಡೇ ಬಂದಿದೆ, ಈಗೇಕೆ ಗಾಬರಿ ಎಂದು ಕೇಳಬಹುದು. ಏರಿಳಿತ ಹಳೆಯದೇ, ನಿಜ. ಆದರೆ ಕಡಲಿನ ಸರಾಸರಿ ಶಾಖವೇ ಮೇಲೇರಿದ ಮೇಲೆ, ಹಿಂದೆ ಅಂಚಿನವರೆಗೆ ಬಂದು ನಿಲ್ಲುತ್ತಿದ್ದ ಏರು ಈಗ ಅಂಚು ದಾಟುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಹಾಗೇ ಆಯಿತು, 2024ರಲ್ಲಿ ಮತ್ತೆ ಆಯಿತು. ಒಂದು ಮಳೆ ಕೈಕೊಟ್ಟರೆ ರೈತ ಎತ್ತು ಮಾರುವುದಿಲ್ಲ, ಸಾಲ ತಂದಾದರೂ ಮುಂದಿನ ಮುಂಗಾರಿಗೆ ಕಾಯುತ್ತಾನೆ. ಬೆನ್ನಿಗೇ ಬಂದ ಎರಡನೇ ಬರ ಬಿತ್ತುವ ಬೀಜಕ್ಕೂ ಕೈ ಹಾಕಿಸುತ್ತದೆ. ಅಗತ್ತಿ, ಕಡಮತ್, ಕವರತ್ತಿಗಳ ಹವಳವನ್ನು 1998ರಿಂದ ಎಣಿಸುತ್ತ ಬಂದಿರುವ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಕಂಡದ್ದೂ ಇದನ್ನೇ. ಬಿಸಿಯ ಪೆಟ್ಟು ಬೀಳದೆ ಆರು ವರ್ಷ ಕಳೆದ ಮೇಲಷ್ಟೇ ಚೇತರಿಕೆ ಬಿರುಸಾಗುತ್ತದೆ. ಆ ನಾಲ್ಕು ಪೆಟ್ಟುಗಳ ನಡುವೆ ಸಿಕ್ಕ ಬಿಡುವು ಹನ್ನೆರಡು, ಆರು, ಎಂಟು ವರ್ಷ. ತೆನೆ ಕಟ್ಟುವ ಹೊತ್ತಿಗೆ ಸರಿಯಾಗಿ ಹೊಲಕ್ಕೆ ದನ ನುಗ್ಗಿದಂತೆ. 2022ಕ್ಕೆ ಮುಗಿದ 24 ವರ್ಷಗಳಲ್ಲಿ ಜೀವಂತ ಹವಳ ಸುಮಾರು ಅರ್ಧಕ್ಕೆ ಇಳಿದಿದೆ.

ಇದಕ್ಕೆ ಎದುರಾಗಿ ನಿಲ್ಲುವ ಗಟ್ಟಿ ಅಂಕಿಯೂ ಅದೇ ಸಂಶೋಧಕರದು. ಇದ್ದ ಹವಳದಲ್ಲಿ ಸತ್ತದ್ದು 1998ರಲ್ಲಿ ಶೇ 87, 2010ರಲ್ಲಿ ಶೇ 44, 2016ರಲ್ಲಿ ಶೇ 31. ಸಾವು ಇಳಿಯುತ್ತಿದೆ, ಅಂದರೆ ಹವಳ ಬಿಸಿಗೆ ಒಗ್ಗುತ್ತಿದೆ ಎನ್ನಬಹುದಲ್ಲ? ಕೊಂಚ ಮಟ್ಟಿಗೆ ಹೌದು, ಆ ತಾಳಿಕೆಯನ್ನು ಅಲ್ಲಗಳೆಯುವ ಹಟ ಬೇಡ. ಆದರೆ ಉಳಿದವರು ಯಾರು ಎಂಬುದನ್ನೂ ನೋಡಬೇಕು. ಕೊಂಬೆ ಚಾಚಿ ವರ್ಷಕ್ಕೆ ಹತ್ತು ಸೆಂಟಿಮೀಟರಿನಷ್ಟು ಬೆಳೆಯಬಲ್ಲ ಅಕ್ರೊಪೊರ ಬಿಸಿಗೆ ಮೊದಲ ಬಲಿ. ತಾಳಿಕೊಳ್ಳುವುದು ಗುಂಡುಕಲ್ಲಿನಂಥ ಪೊರೈಟಿಸ್, ಅದರ ಬೆಳವಣಿಗೆ ವರ್ಷಕ್ಕೆ ಸುಮಾರು ಒಂದೇ ಸೆಂಟಿಮೀಟರ್. ಗೋವೆಯ ಕದಂಬ ರಾಣಿ ಕಮಲಾದೇವಿ ನಮ್ಮ ಸೀಮೆಯ ದೇಗಾಂವದಲ್ಲಿ ಕಮಲನಾರಾಯಣ ಗುಡಿ ಕಟ್ಟಿಸಿದ 12ನೇ ಶತಮಾನದಲ್ಲಿ ಮೊಳೆತ ಪೊರೈಟಿಸ್ ಒಂದು ಇಂದಿಗೂ ಬದುಕಿದ್ದರೆ ಎಂಟೊಂಬತ್ತು ಮೀಟರ್ ಎತ್ತರ ಇರುತ್ತಿತ್ತು, ಅಷ್ಟೇ. ಇಂಥ ನಿಧಾನಿಗಳೇ ಉಳಿದ ದಿಬ್ಬ ಬದುಕೀತು, ಬೆಳೆಯುವುದು ಕಷ್ಟ. ಏಕೆಂದರೆ ಕಟ್ಟುವಿಕೆಯ ಜೊತೆಗೇ ಸವೆತವೂ ಬಿಡುವಿಲ್ಲದೆ ನಡೆದಿರುತ್ತದೆ. ಅಲೆಗಳು ಮುರಿಯುತ್ತವೆ, ಸ್ಪಂಜುಗಳು ಕೊರೆಯುತ್ತವೆ, ಗಿಳಿಮೀನುಗಳು ಕಡಿದು ಪುಡಿ ಮಾಡುತ್ತವೆ. (ಪ್ರವಾಸಿಗರು ಮೆಚ್ಚಿ ಹೊರಳಾಡುವ ಬಿಳಿ ಮರಳಿನಲ್ಲಿ ಗಿಳಿಮೀನಿನ ಹಿಕ್ಕೆಯ ಪಾಲು ದೊಡ್ಡದು.) ಹವಳ ಸತ್ತರೂ ಈ ಸವೆತ ನಿಲ್ಲುವುದಿಲ್ಲ. ಜಮೆ ನಿಂತ ಖಾತೆಯಿಂದ ಖರ್ಚು ಮಾತ್ರ ಹೋಗುತ್ತಿರುತ್ತದೆ.

ಕಡಲ ಮಟ್ಟ ಏರಿದರೆ ಹವಳಕ್ಕೆ ಮೇಲಕ್ಕೆ ಬೆಳೆಯಲು ಜಾಗ ಸಿಗುತ್ತದಲ್ಲ ಎಂಬ ವಾದವೂ ಇದೆ. ಜಾಗವೇನೋ ಸಿಗುತ್ತದೆ, ಆದರೆ ಏರುತ್ತಿರುವ ಕಡಲಿನೊಡನೆ ಹೆಜ್ಜೆ ಹಾಕಲು ಕಸುವಿರುವ ಹವಳ ಬೇಕು. ಅಲೆಗಳ ಅಬ್ಬರವನ್ನು ದಿಬ್ಬ ತಡೆಯದಿದ್ದರೆ ಉಪ್ಪುನೀರು ಒಳನುಗ್ಗುತ್ತದೆ. ದ್ವೀಪಗಳಲ್ಲಿ ಸಿಹಿನೀರು ಇರುವುದು ಹವಳದ ಮರಳಿನಡಿ, ಉಪ್ಪುನೀರಿನ ಮೇಲೆ ತೇಲುವ ತೆಳು ಪದರವಾಗಿ. 2011ರ ಜನಗಣತಿಯಂತೆ ಲಕ್ಷದ್ವೀಪದ ಜನಸಂಖ್ಯೆ 64,473. ಅಲ್ಲಿನ ಬಾವಿಗಳಿಗೆ ಬರುವುದು ಆ ಪದರದ ನೀರೇ.