ಯತೀಮರ ಲೆಕ್ಕ: ಕೇಳುವುದು ಅಪನಂಬಿಕೆಯಲ್ಲ

ರಮಝಾನ್ ಬಂತೆಂದರೆ ನಮ್ಮ ಮನೆಬಾಗಿಲಿಗೆ ರಶೀದಿ ಪುಸ್ತಕಗಳು ಬರುತ್ತವೆ. ಯತೀಂಖಾನ, ಹಿಫ್ಝ್ ಕಾಲೇಜು, ದರ್ಸ್. ಬ್ಯಾರಿ ಮನೆಗಳಿಂದ ಹೆಚ್ಚಾಗಿ ಯಾರೂ ಬರಿಗೈಯಲ್ಲಿ ಹೋಗುವುದಿಲ್ಲ. ಆದರೆ ಕೊಟ್ಟ ಮೇಲೆ ನಾವು ಕೇಳುವುದು ರಶೀದಿ ಮಾತ್ರ. ಅಲ್ಲಿರುವ ಮಕ್ಕಳ ಬಗ್ಗೆ ಕೇಳುವುದು ಕಡಿಮೆ. ಕೇಳಿದರೆ ಉಸ್ತಾದರಿಗೆ ಬೇಜಾರಾಗ್ತದೆ, ಅಪನಂಬಿಕೆ ಅಂದುಕೊಳ್ತಾರೆ ಎಂಬ ಹೆದರಿಕೆ.

ದೀನ್ ಕಲಿಸುವುದು ಬೇರೆಯೇ. ಸೂರಃ ಅನ್ನಿಸಾದ 6ನೇ ಆಯತ್, ಅನಾಥರ ಸೊತ್ತನ್ನು ಹಿಂದಿರುಗಿಸುವಾಗ ಸಾಕ್ಷಿಗಳಿರಬೇಕು ಎನ್ನುತ್ತದೆ. ಪೋಷಕ ಕಳ್ಳ ಎಂದಲ್ಲ, ಪ್ರಾಮಾಣಿಕನಿಗೂ ಅದೇ ನಿಯಮ. ಝಕಾತ್ ಸಂಗ್ರಹಿಸಿ ಬಂದ ಇಬ್ನುಲ್ಲುತ್ಬಿಯ್ಯ, ಇಷ್ಟು ನಿಮ್ಮದು, ಇಷ್ಟು ನನಗೆ ಉಡುಗೊರೆ ಬಂದದ್ದು ಎಂದಾಗ ಪ್ರವಾದಿ(ಸ)ಯವರು ಅದನ್ನು ಒಪ್ಪಲಿಲ್ಲ. ಮಿಂಬರ್ ಏರಿ ಎಲ್ಲರೆದುರೇ ಆ ವಿಷಯ ಎತ್ತಿದರು. ಸೊತ್ತಿಗೇ ಇಷ್ಟು ಸಾಕ್ಷಿ ಬೇಕಾದರೆ ಮಗುವಿಗೆ ಎಷ್ಟು ಬೇಕು?

ಗದಗ ಜಿಲ್ಲೆಯ ರೋಣ ತಾಲೂಕಿನಲ್ಲಿ, ಮಲಪ್ರಭೆಯ ದಡದ ಕಡೆ ಮೆಣಸಗಿ ಎಂಬ ಊರುಂಟು. ಹೊಳೆ ತುಂಬಿದರೆ ಆ ಭಾಗದ ಬಡವರ ಬದುಕೇ ಅಲ್ಲಾಡುತ್ತದೆ. ಉತ್ತರ ಕರ್ನಾಟಕದ ಇಂಥ ಊರುಗಳಿಂದ ಮಕ್ಕಳು ಕರಾವಳಿಯ ಸಂಸ್ಥೆಗಳಿಗೆ ಓದಲು ಬರುವುದು ಹೊಸದಲ್ಲ. ಮೆಣಸಗಿಯ ಒಬ್ಬ ವಿಧವೆ ತಾಯಿ ಮಗನನ್ನು ಹಾಗೆ ಕಳಿಸಿದ್ದಾಳೆ ಎಂದಿಟ್ಟುಕೊಳ್ಳಿ. ಆಕೆ ಫೋನಿನಲ್ಲಿ ಕೇಳಬಹುದಾದದ್ದು ಒಂದೇ ಮಾತು, "ನನ್ನ ಮಗ ಆರಾಮ ಅದಾನೇನ್ರಿ, ಹಜರತ್ರೇ?" ಈ ಕಡೆಯಿಂದ "ಆರಾಮ ಇದ್ದಾನೆ" ಅಂದರೆ ಮುಗಿಯಿತು. ಹುಡುಗ ಹೋದದ್ದು ಗದಗದ ಅಧಿಕಾರಿಗಳಿಗೆ ಗೊತ್ತಿಲ್ಲ, ಬಂದದ್ದು ಇಲ್ಲಿನವರಿಗೆ ಗೊತ್ತಿಲ್ಲ ಎಂದಾದರೆ, ಎರಡು ಜಿಲ್ಲೆಗಳ ನಡುವೆ ಅವನಿಗೆ ಸಾಕ್ಷಿಯೇ ಇಲ್ಲ.

ಕಾನೂನು ಈ ಸಾಕ್ಷಿಯನ್ನೇ ಕೇಳುತ್ತದೆ. 2015ರ ಬಾಲನ್ಯಾಯ ಕಾಯ್ದೆಯ 41ನೇ ಕಲಂ ಪ್ರಕಾರ ಪೋಷಣೆ, ರಕ್ಷಣೆ ಬೇಕಾದ ಮಕ್ಕಳನ್ನು ಇಟ್ಟುಕೊಳ್ಳುವ ಸಂಸ್ಥೆ ನೋಂದಣಿಯಾಗಲೇಬೇಕು. ತಪ್ಪಿದರೆ ನಡೆಸುವವರಿಗೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ಕನಿಷ್ಠ 1 ಲಕ್ಷ ರೂ. ದಂಡ, ಅಥವಾ ಎರಡೂ. 2023ರ ನವೆಂಬರ್‌ನಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಆಗಿನ ಅಧ್ಯಕ್ಷರು ಬೆಂಗಳೂರಿನ ಒಂದು ಯತೀಂಖಾನಕ್ಕೆ ಹೋಗಿ, ಇದಕ್ಕೆ ನೋಂದಣಿ ಇಲ್ಲ ಎಂದರು. ಅಲ್ಲಿನ ಬದುಕನ್ನು ತಾಲಿಬಾನಿಗೆ ಹೋಲಿಸಿದರು. ಸಂಸ್ಥೆಯ ಕಡೆಯಿಂದ ದೂರು ಹೋಯಿತು, ಅವರ ಮೇಲೆ ಪ್ರಕರಣವೂ ದಾಖಲಾಯಿತು. ಆ ಹೋಲಿಕೆ ಸಮುದಾಯಕ್ಕೆ ನೋವು ತಂದದ್ದು ಸಹಜ. ಆದರೆ ಜಗಳದ ಗದ್ದಲದಲ್ಲಿ ನೋಂದಣಿಯ ಪ್ರಶ್ನೆ ಮೂಲೆ ಸೇರಿತು. ಗೋಡೆಯ ಮೇಲೆ ನೋಂದಣಿ ಪತ್ರ ತೂಗುತ್ತಿದ್ದರೆ ಚಾಡಿ ಹೇಳುವವರಿಗೆ ಬಾಯೇ ಇರುವುದಿಲ್ಲ.

ಹಾಗಂತ ಕಾಗದವೇ ಎಲ್ಲವೂ ಅಲ್ಲ. ಬಿಹಾರದ ಮುಝಫ್ಫರ್‌ಪುರದ ಬಾಲಿಕಾ ಗೃಹ ಸರಕಾರದ ಹಣದಲ್ಲೇ ನಡೆಯುತ್ತಿತ್ತು. ಒಳಗಿನ ಘೋರ ಹೊರಬಂದದ್ದು ಟಾಟಾ ಸಮಾಜವಿಜ್ಞಾನ ಸಂಸ್ಥೆಯ ತಂಡ ಸಾಮಾಜಿಕ ಲೆಕ್ಕಪರಿಶೋಧನೆಗೆ ಹೋಗಿ, ಮಕ್ಕಳ ಮಾತಿಗೆ ಕಿವಿಗೊಟ್ಟಾಗ. 2018ರಲ್ಲಿ ಪ್ರಕರಣ ದಾಖಲಾಯಿತು. 2020ರಲ್ಲಿ ನಡೆಸುತ್ತಿದ್ದವನಿಗೆ ಜೀವಾವಧಿ ಶಿಕ್ಷೆಯಾಯಿತು. ಕಾಗದದ ಜೊತೆ ಕಿವಿಯೂ ಬೇಕು ಎಂಬುದಕ್ಕೆ ಬೇರೆ ಪುರಾವೆ ಬೇಡ.

ಲೆಕ್ಕ ಕೊಡಬೇಕಾದವರು ಉಸ್ತಾದರು, ಕಮಿಟಿಯವರು ಮಾತ್ರವಲ್ಲ, ಸರಕಾರವೂ ಹೌದು. ತಪಾಸಣಾ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಸಂಸ್ಥೆಗಳಿಗೆ ಹೋಗಬೇಕು. ತಂಡದಲ್ಲಿ ಒಬ್ಬ ಮಹಿಳೆ, ಒಬ್ಬ ವೈದ್ಯಾಧಿಕಾರಿ ಇರಬೇಕು. ಮಕ್ಕಳ ಕಲ್ಯಾಣ ಸಮಿತಿ ತಿಂಗಳಿಗೆ ಕನಿಷ್ಠ 20 ದಿನ ಕೂರಬೇಕು. ಅದರ ಕೆಲಸವನ್ನು ಜಿಲ್ಲಾಧಿಕಾರಿ ಮೂರು ತಿಂಗಳಿಗೊಮ್ಮೆ ಪರಿಶೀಲಿಸಬೇಕು. ಸಮಿತಿಯ ಮೇಲೆ ದೂರಿದ್ದರೆ ಮಗುವಿಗೆ ಸಂಬಂಧಪಟ್ಟ ಯಾರೂ ಜಿಲ್ಲಾಧಿಕಾರಿಗೆ ಕೊಡಬಹುದು. ಇವೆಲ್ಲ ನಡೆದಿದೆಯಾ? 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ ಕೇಳಿ, 30 ದಿನಗಳಲ್ಲಿ ಉತ್ತರ ಕೊಡಬೇಕು. ಭೇಟಿಗಳೆಷ್ಟು, ದೂರುಗಳೆಷ್ಟು, ಕ್ರಮ ಏನು ಎಂದು ಕೇಳಿ. ಮಗುವಿನ ಹೆಸರು, ಗುರುತು ಮಾತ್ರ ಕೇಳಬೇಡಿ, ಹೇಳಲೂ ಬೇಡಿ. ಪಾರದರ್ಶಕತೆ ಅಂದರೆ ವ್ಯವಸ್ಥೆಯನ್ನು ಬಯಲಿಗೆ ತರುವುದು, ಮಗುವನ್ನಲ್ಲ.

ಇನ್ನೊಂದು ಮಾತು, ಸ್ವಲ್ಪ ಕಹಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾದರೆ "ಜಮಾಅತಿನ ಮಾನ ಹೋಗ್ತದೆ, ಒಳಗೇ ಮುಗಿಸುವ" ಎನ್ನುವಂತಿಲ್ಲ. 2012ರ ಪೊಕ್ಸೊ ಕಾಯ್ದೆಯಲ್ಲಿ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ತನ್ನ ಕೈಕೆಳಗಿನವರ ಕೃತ್ಯ ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದವರೆಗೆ ಜೈಲು ಉಂಟು. ಮಗುವಿನ ಮಾನಕ್ಕಿಂತ ಜಮಾಅತಿನ ಮಾನ ದೊಡ್ಡದಲ್ಲ.

ಆದ್ದರಿಂದ ಈ ಸಲ ಝಕಾತ್ ಕೊಡುವ ಮೊದಲು ನಾಲ್ಕು ಪ್ರಶ್ನೆ ಇರಲಿ. ನೋಂದಣಿ ಉಂಟಾ? ಕಳೆದ ತಪಾಸಣೆ ಯಾವಾಗ ಆಯಿತು? ಮಕ್ಕಳು ಯಾರೂ ಪಕ್ಕದಲ್ಲಿಲ್ಲದೆ ಮನೆಗೆ ಫೋನ್ ಮಾಡಬಹುದಾ? 1098 ಸಂಖ್ಯೆಯನ್ನು ಮಕ್ಕಳಿಗೆ ಕಾಣುವಲ್ಲಿ ಬರೆದಿದ್ದಾರಾ? ಮಕ್ಕಳನ್ನು ಕಳಿಸುವ ಊರಿನವರೂ ಮಗು ಎಲ್ಲಿಗೆ, ಯಾರ ಜೊತೆ ಹೋಯಿತು ಎಂಬುದನ್ನು ಪಂಚಾಯತಿಗೆ, ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಬರೆದು ಕೊಡಲಿ.

ಒಳ್ಳೆಯ ಸಂಸ್ಥೆಗೆ ಈ ಪ್ರಶ್ನೆಗಳಿಂದ ನಷ್ಟವಿಲ್ಲ; ಕಡತ ತೆರೆದು ತೋರಿಸಿದರೆ ಕೊಡುವ ಕೈಯೂ ಗಟ್ಟಿಯಾಗ್ತದೆ. ನಾವು ಮುಅಲ್ಲಿಮರು ಮಕ್ಕಳ ಹಾಜರಿ ದಿನಾ ಕರೆಯುತ್ತೇವೆ. ಆ ಮಕ್ಕಳ ಬಗ್ಗೆ ನಮ್ಮ ಹಾಜರಿಯನ್ನೂ ಒಂದು ದಿನ ಕರೆಯಲಿಕ್ಕುಂಟು.